ಉಪ್ಪು ನೀರಿನ ಸಬರ್

2024ರ ಬೇಸಿಗೆಯಲ್ಲಿ, ಮಗಳು ಹತ್ತನೆಯ ತರಗತಿ ಮುಗಿಸಿದ ರಜೆಯಲ್ಲಿ, ತುಮಕೂರಿನ ನಮ್ಮ ಮನೆಗೆ ಸಮುದ್ರ ಬಂತು. ಅವಳಿಗೆ ಬೇಕಾಗಿದ್ದದ್ದು ಸಿಹಿನೀರಿನ ಗೋಲ್ಡ್‌ಫಿಶ್ ಅಲ್ಲ, ಹವಳ ಬೆಳೆಯುವ ಉಪ್ಪುನೀರಿನ ಅಕ್ವೇರಿಯಂ. ನನಗೆ ಹವಳ ಎಂದರೆ ನನ್ನ ತಾಯಿಯ ಉಂಗುರದಲ್ಲಿದ್ದ ಕೆಂಪು ಹರಳು; ಉರ್ದು ಶಾಲೆಯಲ್ಲಿ ಉಸ್ತಾದರು ಕಲಿಸಿದ 'ಮರ್ಜಾನ್' ಎಂಬ ಚೆಂದದ ಪದ. ಅದೊಂದು ಪ್ರಾಣಿ ಎಂದು ಯಾರೂ ಹೇಳಿರಲಿಲ್ಲ. ಸಾವಿರಾರು ಪುಟ್ಟ ಜೀವಿಗಳು ಕೂಡಿ ಸುಣ್ಣದ ಮನೆ ಕಟ್ಟುತ್ತವೆ, ಅವುಗಳ ಮೈಯೊಳಗೆ ವಾಸಿಸುವ ಪಾಚಿ ಅವಕ್ಕೆ ಅನ್ನವನ್ನೂ ಬಣ್ಣವನ್ನೂ ಕೊಡುತ್ತದೆ ಎಂದು ಮಗಳಿಂದ ಕಲಿತೆ.

ನೂರು ಲೀಟರ್ ನೀರು ಹಿಡಿಯುವ ಗಾಜಿನ ತೊಟ್ಟಿ ತಂದೆವು. ಬೋರ್‌ವೆಲ್ ನೀರು ಆಗದು, ಆರ್‌ಓ ನೀರೇ ಬೇಕು. ಅಡುಗೆಯ ಉಪ್ಪೂ ಆಗದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಇರುವ ಸಮುದ್ರದ ಉಪ್ಪಿನ ಮಿಶ್ರಣವೇ ಬೇಕು. ಲೀಟರಿಗೆ ಸುಮಾರು 35 ಗ್ರಾಂ. ಸಾರಿಗೆ ಹಾಕುವಂತೆ ಕೈಯಂದಾಜಿನಲ್ಲಿ ಹಾಕುವಂತಿಲ್ಲ, ಮಾಪಕ 1.025 ತೋರಿಸಬೇಕು. ಕೃತಕ ಬಂಡೆಗಳನ್ನು ಜೋಡಿಸಿ, ಅಲೆ ಎಬ್ಬಿಸುವ ಪಂಪು ಇಟ್ಟೆವು. ಆಮೇಲೆ ಮಾಡಲು ಏನೂ ಇರಲಿಲ್ಲ. ಕಾಯಬೇಕಿತ್ತು.

"ಬಹೂ, ಕಲ್ಲು ಸಾಕುತ್ತಿದ್ದೀರಾ?" ಎಂದು ಅತ್ತೆ ನಗುತ್ತಿದ್ದರು.

ಹನ್ನೆರಡನೆಯ ದಿನ ತಮ್ಮನ ಮಕ್ಕಳು ಬರುವವರಿದ್ದರು. ಅವರ ಮುಂದೆ ಬರೀ ಕಲ್ಲು ತೋರಿಸಲು ನನಗೆ ನಾಚಿಕೆಯಾಯಿತು. ನೀರಂತೂ ಗಾಜಿನಷ್ಟೇ ತಿಳಿಯಾಗಿತ್ತು. ಮಗಳು ಬೇಡವೆಂದರೂ ಕೇಳದೆ ಕಿತ್ತಳೆ ಮೈಯ ಎರಡು ಕ್ಲೌನ್ ಮೀನು ತಂದುಬಿಟ್ಟೆ. ಮಕ್ಕಳು ಕುಣಿದರು. ಮೂರನೆಯ ಬೆಳಿಗ್ಗೆ ಒಂದು ಮೀನು ಬಂಡೆಯ ಸಂದಿನಲ್ಲಿ ಮಗುಚಿ ಬಿದ್ದಿತ್ತು. ಇನ್ನೊಂದು ಮೇಲೆ ಬಂದು ಬಾಯಿ ತೆರೆಯುತ್ತಿತ್ತು. ಸಂಜೆಗೆ ಅದೂ ಹೋಯಿತು. ಪರೀಕ್ಷಾ ಕೊಳವೆಯಲ್ಲಿ ಹಳದಿಯಾಗಿ ಉಳಿಯಬೇಕಿದ್ದ ನೀರು ಹಸಿರಾಯಿತು. ಅಮೋನಿಯಾ.

ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ನೈಟ್ರೈಟ್ ಮಾಡಲು ಒಂದು ಬಗೆಯ ಬ್ಯಾಕ್ಟೀರಿಯಾ ಬೇಕು, ಅದನ್ನು ಅಷ್ಟು ವಿಷವಲ್ಲದ ನೈಟ್ರೇಟ್ ಮಾಡಲು ಇನ್ನೊಂದು. ಇವು ಬಂಡೆಯ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮಗಳು ಅಳಲಿಲ್ಲ. "ಅಮ್ಮಿ, ನೀರು ತಿಳಿಯಾಗಿದೆ ಅಂದರೆ ತಯಾರಾಗಿದೆ ಅಂತ ಅಲ್ಲ" ಎಂದಳಷ್ಟೆ. ಸಬರಿನ ಫಲ ಸಿಹಿ ಎಂದು ಅವಳಿಗೆ ಸಾವಿರ ಸಲ ಹೇಳಿದವಳು ನಾನು.

ಮತ್ತೆ ಮೊದಲಿನಿಂದ ಶುರು. ಮೀನಿಲ್ಲದ ತೊಟ್ಟಿಗೆ ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಟ್ಟು, ದಿನಾ ನೀರು ಪರೀಕ್ಷಿಸಿದೆವು. ಮೇ ತಿಂಗಳ ಸೆಕೆಗೆ ನೀರು 30 ಡಿಗ್ರಿ ಮುಟ್ಟಿದಾಗ ಫ್ಯಾನ್ ಇಟ್ಟು ಇಳಿಸಿದೆವು. ಹವಳಕ್ಕೆ 25, 26 ಹಿತ. ಅದೇ ದಿನಗಳಲ್ಲಿ ಲಕ್ಷದ್ವೀಪದ ಹವಳಗಳು ಸಮುದ್ರದ ಬಿಸಿಗೆ ಪಾಚಿ ಕಳೆದುಕೊಂಡು ಬೆಳ್ಳಗಾಗುತ್ತಿವೆ ಎಂಬ ಸುದ್ದಿ ಬಂತು. ಆ ಸಮುದ್ರಕ್ಕೆ ಫ್ಯಾನ್ ಇಡುವವರು ಯಾರು?

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಬೆಂಗಳೂರಿಗೆ ಹೋದೆವು. ಈ ಸಲ ಕೇಳಿದ್ದು ಸಮುದ್ರದಿಂದ ಹಿಡಿದ ಮೀನಲ್ಲ, ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮರಿಗಳನ್ನು. ಕ್ಲೌನ್ ಮೀನನ್ನು ಹಾಗೆ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಹಣ ಕೊಡುವಾಗ ಅಂಗಡಿಯವನು ಒಳಗಿನಿಂದ ಒಂದು ಬಕೆಟ್ ತಂದ. ಮುಷ್ಟಿಯಷ್ಟು ದೊಡ್ಡ ಜೀವಂತ ಹವಳ. "ಸಮುದ್ರದ್ದೇ ಮೇಡಂ, ಒರಿಜಿನಲ್. ಬಿಲ್ ಮಾತ್ರ ಕೇಳಬೇಡಿ."

ಬಂಡೆ ಕಟ್ಟುವ ಹವಳಗಳನ್ನೆಲ್ಲ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಹುಲಿ ಇರುವ ಪಟ್ಟಿಯದು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಪರ್ಸಿನೊಳಗೇ ಇತ್ತು. ಅಷ್ಟು ಚೆಂದವಿತ್ತು ಅದು.

"ಎರಡು ಮೀನು ಸಾಲದಾ ಅಮ್ಮಿ?" ಎಂದಳು ಮಗಳು.

ಪರ್ಸು ಮುಚ್ಚಿದೆ.

ಹಲವು ತಿಂಗಳ ಬಳಿಕ ಬೆಂಗಳೂರಿನ ಹವ್ಯಾಸಿಯೊಬ್ಬರು ತಮ್ಮ ತೊಟ್ಟಿಯಲ್ಲೇ ಬೆಳೆದ ಅಣಬೆಯಂಥ ಮೃದು ಹವಳದ ಚೂರೊಂದನ್ನು ಕೊಟ್ಟರು. ರೂಪಾಯಿ ನಾಣ್ಯದಷ್ಟು. ಅದನ್ನು ಬಂಡೆಗೆ ಅಂಟಿಸಿದೆವು. ಈಗ ಮಗಳು ಕಾಲೇಜಿಗೆ ಹೋದ ಮೇಲೆ ಉಸ್ತುವಾರಿ ನನ್ನದು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ದಿನಾ ತುಂಬಬೇಕಾದ್ದು ಸಿಹಿನೀರನ್ನೇ.

ಅತ್ತೆ ತಸ್ಬೀಹ್ ಹಿಡಿದು ತೊಟ್ಟಿಯ ಎದುರಿಗೇ ಕೂರುತ್ತಾರೆ. ಮೊನ್ನೆ ಅಡುಗೆಮನೆಯಲ್ಲಿದ್ದ ನನ್ನನ್ನು ಅವರೇ ಕೂಗಿ ಕರೆದರು. ಹವಳದ ಬುಡದಲ್ಲಿ ಅಕ್ಕಿಕಾಳಿನಷ್ಟು ಇನ್ನೊಂದು ಮೊಳೆತಿತ್ತು.

"ನೋಡು ಬಹೂ, ನಿನ್ನ ಕಲ್ಲು ಮರಿ ಹಾಕಿದೆ" ಎಂದರು.