ಎಮ್ಮೆ ಈದಿದೆ, ಉಳಿದಂತೆ ಕ್ಷೇಮ

ನಾನು ಹುಟ್ಟಿದ ಸುದ್ದಿ ಅಪ್ಪನಿಗೆ ತಲುಪಿದ್ದು ಇನ್‌ಲ್ಯಾಂಡ್ ಪತ್ರದ ಒಂಬತ್ತನೇ ಸಾಲಿನಲ್ಲಿ. ಮೊದಲ ಎಂಟು ಸಾಲು ಎಮ್ಮೆಯದು.

1971ರ ನವೆಂಬರ್ ಕೊನೆ. ಅಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಪ್ಪ ಪೂರ್ವದ ಗಡಿಯಲ್ಲಿ. ವಿಳಾಸವೆಂದರೆ ನಂಬರು, ಹೆಸರು, ಪಲ್ಟನ್ನು, ಕೊನೆಗೆ ‘99 ಎಪಿಒ’. ಅದು ಸೇನೆಯ ಅಂಚೆಯ ಗುರುತು, ಊರಲ್ಲ ಎಂದು ಮೇಷ್ಟ್ರು ಎಷ್ಟು ಹೇಳಿದರೂ ತಾತ ಒಪ್ಪಲಿಲ್ಲ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರೊಬ್ಬರನ್ನು, “ತೊಂಬತ್ತೊಂಬತ್ತಕ್ಕೆ ಎಲ್ಲಿ ಇಳೀಬೇಕು ಸ್ವಾಮಿ?” ಎಂದು ಕೇಳಿ ಬಂದರಂತೆ.

ತಂತಿ ಕಳಿಸುವುದು ಸುತರಾಂ ಬೇಡ ಎಂದಳು ಅಜ್ಜಿ. ತಂತಿ ಬಂತೆಂದರೆ ಒಡೆಯುವ ಮೊದಲೇ ಅಳುವ ಕಾಲ. ಹಾಗಾಗಿ ಜಗುಲಿಯಲ್ಲಿ ಕೂತು ತಾತ ಹೇಳಿದರು, ಮೇಷ್ಟ್ರು ಬರೆದರು. ಅಳಿಯನಿಗೆ ಹೆರಿಗೆಯ ಮಾತು ಬರೆಸುವುದು ಹೇಗೆ? ಸಂಕೋಚದಲ್ಲಿ ತಾತ ಹಟ್ಟಿಯ ಕಡೆ ತಿರುಗಿದರು. ಎಮ್ಮೆ ಈದದ್ದು, ಕಸ ಬಿದ್ದದ್ದು, ಕರು ಹಾಲು ಕುಡಿದದ್ದು, ಎಲ್ಲ ಸವಿಸ್ತಾರ. ಆಮೇಲೆ, “ನಮ್ಮ ಮಗಳಿಗೂ ಗಂಡು. ಇಬ್ಬರೂ ಕ್ಷೇಮ.” ನಿರಾಶ್ರಿತರ ನೆರವಿಗೆಂದು ಸರ್ಕಾರ ಆಗಷ್ಟೇ ಹೇರಿದ್ದ 5 ಪೈಸೆಯ ಸ್ಟಾಂಪನ್ನು ಅಜ್ಜಿಯೇ ಅಂಟಿಸಿದಳು: “ಅವರಲ್ಲೂ ಬಾಣಂತಿಯರು ಇರ್ತಾರೆ, ಪಾಪ.”

ಬಾಣಂತಿ ಕೋಣೆಯಿಂದ ಚಿಕ್ಕಮ್ಮ ಓಡಿಬಂದು ಮೇಷ್ಟ್ರ ಕಿವಿಯಲ್ಲಿ ಅಮ್ಮನ ಎರಡೇ ಮಾತು ಹೇಳಿದಳು. ಜಾಗವೂ ಅಷ್ಟೇ ಉಳಿದಿತ್ತು. ಅಂಟಿನ ಮಡಿಕೆಯ ಅಂಚಿನಲ್ಲಿ ಮೇಷ್ಟ್ರು ಬರೆದರು: “ಕಿವಿ ನಿಮ್ಮದೇ.”

ಪತ್ರ ಕೈಸೇರುವಷ್ಟರಲ್ಲಿ ಡಿಸೆಂಬರ್ 16 ಕಳೆದಿತ್ತು. ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಗಿತ್ತು. 13 ದಿನಗಳ ಯುದ್ಧ ಶುರುವಾಗಿ ಮುಗಿದರೂ ಅಪ್ಪನ ಪಾಲಿಗೆ ನಾನಿನ್ನೂ ಹುಟ್ಟಿರಲಿಲ್ಲ.

ಅಜ್ಜಿಯ ಬಾಯಲ್ಲಿ ಈ ಕತೆ ಕೇಳಿ, ಅಪ್ಪನೊಡನೆ ಜಗಳ ತೆಗೆದೆ: “ಎಮ್ಮೆಗಿಂತ ನಾನು ಕಡೆಯಾ?”

ಅಪ್ಪ ನಕ್ಕರು. “ಅಲ್ಲಿ ಕಾಗದ ಒಡೆಯುವಾಗ ಕೈ ನಡುಗೋದು ಕಣೋ. ಮೊದಲ ಸಾಲಲ್ಲೇ ಎಮ್ಮೆ ಕಾಣಿಸ್ತು, ಜೀವ ಬಂತು. ಮನೇಲಿ ಏನಾದ್ರೂ ಆಗಿದ್ರೆ ನಿಮ್ಮ ತಾತನಿಗೆ ಎಮ್ಮೆ ನೆನಪಾಗ್ತಿತ್ತಾ?”

ಅಪ್ಪ ಹೋದ ಮೇಲೆ ಅವರ ಕಪ್ಪು ಟ್ರಂಕಿನ ತಳದಲ್ಲಿ ಆ ಪತ್ರ ಸಿಕ್ಕಿತು. ಎಮ್ಮೆಯ ಎಂಟೂ ಸಾಲು ಇವತ್ತಿಗೂ ಸ್ಪಷ್ಟವಾಗಿವೆ. ಅಂಚಿನ ಆ ಎರಡು ಮಾತು ಮಾತ್ರ, ಬೆರಳು ಸವರಿ ಸವರಿ, ಅಳಿಸಿಹೋಗಿವೆ.