ಪೊರಕೆ ಕಡ್ಡಿಯ ಲೆಕ್ಕ

ಹಳೇಕೋಟೆಯ ನಮ್ಮ ತೋಟದ ಬಾವಿಗೆ ಆಗ ಐದು ಎಚ್‌ಪಿ ಡೀಸೆಲ್ ಮಿಷನ್ನು. ಅಪ್ಪ ಅದರ ಟ್ಯಾಂಕಿಗೆ ತೆಂಗಿನ ಪೊರಕೆ ಕಡ್ಡಿ ಇಳಿಸಿ, ಎಣ್ಣೆ ಎಷ್ಟು ಬೆರಳಿದೆ ಅಂತ ನೋಡುತ್ತಿದ್ದರು. ಗಂಟೆಗೆ ಸುಮಾರು ಒಂದು ಲೀಟರ್, ನಾಲ್ಕು ಗಂಟೆಗೆ ನಾಲ್ಕು.

1986ರಲ್ಲಿ ಹಡಗಿನ ಇಂಜಿನ್ ರೂಮಿಗೆ ಇಳಿದಾಗ ನನ್ನ ಕೈಗೆ ಬಂದದ್ದೂ ಅಂಥದೇ ಕಡ್ಡಿ: ತುದಿಗೆ ಹಿತ್ತಾಳೆ ಗುಂಡಿದ್ದ ಉಕ್ಕಿನ ಟೇಪು. ಬಿಸಿ ಎಣ್ಣೆ ಹಿಗ್ಗಿರುತ್ತದೆ. ಆಳ ಓದಿ, ಕೋಷ್ಟಕ ನೋಡಿ, ಶಾಖಕ್ಕೆ ತಕ್ಕ ಸಾಂದ್ರತೆಯಿಂದ ಗುಣಿಸಿದರೇ ಟನ್ನು ಸಿಗುವುದು. ಆ ಲೆಕ್ಕ ಮಧ್ಯಾಹ್ನ ಹನ್ನೆರಡರ ನೂನ್ ರಿಪೋರ್ಟಿಗೆ.

ರಜೆಗೆ ಬಂದಾಗ ಅಪ್ಪ ಕೇಳಿದರು: "ದಿನಕ್ಕೆ ಎಷ್ಟು ಕುಡೀತದೋ?"

"15 ನಾಟಲ್ಲಿ ಮೂವತ್ತು ಟನ್ನು."

"ಅರ್ಧ ಸ್ಪೀಡಲ್ಲಿ ಹದಿನೈದಾ?"

"ನಾಲ್ಕೂ ಬೇಡ."

ಅವರು ನಂಬಲಿಲ್ಲ. ಹೇಮಾವತಿಯಲ್ಲಿ ಮೊಣಕಾಲುದ್ದ ನೀರಲ್ಲಿ ಓಡಿ ನೋಡಿ ಅಂದೆ. ವೇಗ ಎರಡರಷ್ಟಾದರೆ ನೀರಿನ ತಡೆ ನಾಲ್ಕರಷ್ಟು, ಇಂಜಿನ್ನಿಗೆ ಬೇಕಾದ ಶಕ್ತಿ ಎಂಟರಷ್ಟು. 3600 ನಾಟಿಕಲ್ ಮೈಲಿಯನ್ನು 15 ನಾಟಲ್ಲಿ ಹತ್ತು ದಿನದಲ್ಲಿ ಮುಗಿಸಿದರೆ 300 ಟನ್ನು. 12 ನಾಟಾದರೆ ಹನ್ನೆರಡೂವರೆ ದಿನ ಹಿಡಿದರೂ 192 ಸಾಕು. ಇದು ಕಾಗದದ ಮಾತು. ಜನರೇಟರಿಗೆ ದಿನಕ್ಕೆ ಮೂರು ಟನ್ನಾದರೆ ಹೆಚ್ಚುವರಿ ದಿನಗಳಿಗೆ ಏಳೂವರೆ ಟನ್ನು ವಾಪಸು ಕೊಡಬೇಕು. ತಳಕ್ಕೆ ಚಿಪ್ಪು ಹತ್ತಿದರೆ, ಎದುರುಗಾಳಿ ಹೊಡೆದರೆ, ಕಾಗದ ಕಾಗದವೇ.

ಆ ಕಾಲದ ರಿಪೋರ್ಟುಗಳೂ ಸತ್ಯಹರಿಶ್ಚಂದ್ರನವಲ್ಲ. ಹತ್ತಿಪ್ಪತ್ತು ಟನ್ನು ಲೆಕ್ಕದಿಂದ ಬಚ್ಚಿಟ್ಟುಕೊಳ್ಳದ ಚೀಫ್ ಇಂಜಿನಿಯರ್ ಕಡಿಮೆ. ಕೆಟ್ಟ ಹವೆಯ ದಿನ ಅದನ್ನು ಮೆಲ್ಲಗೆ ಹೊರತೆಗೆಯುತ್ತಿದ್ದರು. ನಾನೂ ಚೀಫಾದ ಮೇಲೆ ಅದನ್ನೇ ಮಾಡಿದೆ.

2008ರ ಆರ್ಥಿಕ ಕುಸಿತದ ಹೊತ್ತಿಗೆ ಕಂಪನಿಗಳೇ ವೇಗ ತಗ್ಗಿಸಿ ಅಂದವು. 24 ನಾಟು ಓಡುತ್ತಿದ್ದ ಕಂಟೇನರ್ ಹಡಗುಗಳು 20ರ ಆಸುಪಾಸಿಗೆ ಇಳಿದವು. ಈಗ ಪೈಪಿನಲ್ಲೇ ಫ್ಲೋ ಮೀಟರು. ಅಂಕಿ ದಡದ ಆಫೀಸಿಗೆ ನೇರ ಹೋಗುತ್ತದೆ. 2023ರಿಂದ ಇಂಗಾಲದ ಹೊಗೆ ಲೆಕ್ಕ ಹಾಕಿ ಹಡಗಿಗೆ 'ಎ'ಯಿಂದ 'ಇ'ವರೆಗೆ ದರ್ಜೆ ಬೇರೆ. ಬಚ್ಚಿಡುವುದು ಕಷ್ಟ. ನನಗೇನೂ ಬೇಸರವಿಲ್ಲ, ಟೇಪಿಗೆ ಮೆತ್ತಿದ ಎಣ್ಣೆ ಬಟ್ಟೆಯಿಂದ ಹೋಗುತ್ತಲೇ ಇರಲಿಲ್ಲ.

ಊರಲ್ಲಿ ಈಗ ಆ ಬಾವಿ ಬತ್ತಿದೆ. ಬೋರಿಗೆ ಮೋಟಾರು, ಹತ್ತು ಎಚ್‌ಪಿವರೆಗೆ ಕರೆಂಟು ಉಚಿತ. ಥ್ರೀ ಫೇಸ್ ಬಂದ ತಕ್ಷಣ ಆಟೋ ಸ್ಟಾರ್ಟರ್ ಎತ್ತಿಕೊಳ್ಳುತ್ತದೆ. ಗದ್ದೆ ತುಂಬಿ ರಸ್ತೆಗೆ ಹರಿದರೂ ಓಡುತ್ತಿರುತ್ತದೆ. ದಿನಕ್ಕೆ ಎಷ್ಟು ಯೂನಿಟ್ಟು ಅಂತ ತಮ್ಮನ ಮಗನನ್ನು ಕೇಳಿದೆ.

"ಮೀಟರೇ ಇಲ್ವಲ್ಲ ದೊಡ್ಡಪ್ಪ."