ಸ್ವರವೂ ವ್ಯಂಜನವೂ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ವಾಸಿಸುವವರಿಗೆ, ತಮ್ಮ ಮನೆಯ ನೆಲವೇ ಇನ್ನೊಬ್ಬರ ಮನೆಯ ಸೂರು ಎಂಬ ಸಂಗತಿಯು ಸಾಮಾನ್ಯವಾಗಿ ಮರೆತುಹೋಗಿರುತ್ತದೆ. ಕೈತಪ್ಪಿ ಪಾತ್ರೆಯೊಂದು ಬಿದ್ದಾಗಲೋ, ಮಗುವು ಚೆಂಡನ್ನು ಪುಟಿಸಿದಾಗಲೋ ಕ್ಷಣಕಾಲ ನೆನಪಾಗಿ, ಮತ್ತೆ ಮರೆಯುತ್ತದೆ. ಟಿ.ವಿ.ಯ ಜತೆಗೆ ಒಂದು ಹೋಮ್ ಥಿಯೇಟರನ್ನೂ ಕೊಂಡು ತರಬೇಕೆಂದು ಹೊರಟ ಗೃಹಸ್ಥನಾದರೋ ಇದನ್ನು ಮರೆಯುವಂತಿಲ್ಲ. ಆ ನಗರದ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ವಾಸವಾಗಿರುವ ಒಂದು ಸಂಸಾರದಲ್ಲಿ ಇಂಥ ಯೋಚನೆಯು ಹುಟ್ಟಿತು. ಹುಟ್ಟಿದುದು ಮಾತ್ರ ವಿನೋದದ ಆಸೆಯಿಂದಲ್ಲ.

ಗೃಹಸ್ಥರ ತಾಯಿಯವರಿಗೆ ಎಪ್ಪತ್ತಾರು ವರ್ಷ. ಸಾಗರದ ಕಡೆಯವರು, ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಚಾಪೆಯ ಮೇಲೆ ಕುಳಿತು ಚಿತ್ರಗಳನ್ನು ನೋಡಿ, ಮರುದಿನ ನೆರೆಹೊರೆಯವರಿಗೆ ಮಾತುಮಾತನ್ನೂ ಒಪ್ಪಿಸುತ್ತಿದ್ದವರು. ಪತಿಯು ತೀರಿಕೊಂಡ ಮೇಲೆ ಮಗನಲ್ಲಿಗೆ ಬಂದರು. ಶನಿವಾರದ ರಾತ್ರಿ ಮನೆಮಂದಿಯೆಲ್ಲ ಒಂದೆಡೆ ಕುಳಿತು ಚಿತ್ರ ನೋಡುವುದು ಆ ಮನೆಯ ವಾಡಿಕೆ. ಅತ್ತೆಯು ಎಲ್ಲರಿಗಿಂತ ಒಂದು ಕ್ಷಣ ತಡವಾಗಿ ನಗುವುದನ್ನು ಸೊಸೆಯು ಮೊದಲು ಗಮನಿಸಿದಳು. ಅವರು ಮಾತನ್ನು ಕೇಳಿ ನಗುತ್ತಿರಲಿಲ್ಲ. ಉಳಿದವರ ಮುಖ ನೋಡಿ ನಗುತ್ತಿದ್ದರು. ಕೆಲವು ವಾರಗಳಲ್ಲಿ ಅದೂ ನಿಂತಿತು. “ನಿದ್ದೆ ಬರ್ತದೆ ಕಣಪ್ಪಾ, ನೀವು ನೋಡಿ” ಎಂದು ಒಂಬತ್ತು ಗಂಟೆಗೇ ಎದ್ದು ಒಳಗೆ ಹೋಗತೊಡಗಿದರು. ನಿದ್ದೆ ಬರುತ್ತಿರಲಿಲ್ಲವೆಂಬುದು ಕೋಣೆಯ ದೀಪದಿಂದಲೇ ತಿಳಿಯುತ್ತಿತ್ತು.

ಮಗನು ಮೊದಲು ಮಾಡಿದುದು ಎಲ್ಲರೂ ಮಾಡುವ ಉಪಾಯ: ರಿಮೋಟನ್ನು ಒತ್ತಿ ಧ್ವನಿಯನ್ನು ಏರಿಸಿದುದು. ಇಪ್ಪತ್ತರಲ್ಲಿದ್ದುದು ನಲವತ್ತಾಯಿತು. ತಾಯಿಗೆ ಅರ್ಥವಾದುದು ಅಷ್ಟಕ್ಕಷ್ಟೆ. ಕೆಳಗಿನ ಮನೆಯವರಿಗೆ ಮಾತ್ರ ಚೆನ್ನಾಗಿ ಕೇಳಿಸಿತು. ಒಂದು ರಾತ್ರಿ ಹತ್ತೂವರೆಗೆ ಆ ಮನೆಯಾಕೆ ಮೇಲೆ ಬಂದು, “ತಪ್ಪು ತಿಳಿಯಬೇಡಿ ಅಣ್ಣಾ, ನಾಳೆ ಮಗಳಿಗೆ ಪಿಯುಸಿ ಫಿಸಿಕ್ಸ್ ಪರೀಕ್ಷೆ” ಎಂದರು. ವಸತಿಪ್ರದೇಶಗಳಲ್ಲಿ ಶಬ್ದವು ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್‌ಗಳ ಮಿತಿಯಲ್ಲಿರಬೇಕೆಂದು 2000ದ ಕೇಂದ್ರ ನಿಯಮಗಳು ವಿಧಿಸಿವೆ. ಆಕೆ ನಿಯಮದ ಮಾತನ್ನೆತ್ತಲಿಲ್ಲ. ಎತ್ತಿದ್ದರೆ ವಾದಕ್ಕಾದರೂ ಎಡೆಯಿರುತ್ತಿತ್ತು. ಪರೀಕ್ಷೆಯೆಂದ ಮೇಲೆ ಉತ್ತರವೇನಿದೆ?

ಧ್ವನಿಯನ್ನು ಇಮ್ಮಡಿಗೊಳಿಸಿದರೂ ಮಾತು ತಿಳಿಯದಿರುವುದೇಕೆ? ನಮ್ಮ ವರ್ಣಮಾಲೆಯನ್ನು ಅಳವಡಿಸಿದವರು ಸ್ವರಗಳನ್ನೂ ವ್ಯಂಜನಗಳನ್ನೂ ಬೇರೆಬೇರೆಯಾಗಿಟ್ಟಿರುವುದನ್ನು ನೆನೆದರೆ ಕಾರಣವು ಹೊಳೆಯುತ್ತದೆ. ಮಾತಿನಲ್ಲಿ ಬಲವಿರುವುದು ಸ್ವರಗಳಿಗೆ. ಪದವನ್ನು ಪದದಿಂದ ಬೇರ್ಪಡಿಸುವುದು ಬಹುಮಟ್ಟಿಗೆ ವ್ಯಂಜನಗಳು. ಅಕಾರ ಓಕಾರಗಳ ಬಲವು ಬಹುಪಾಲು 1,000 ಹರ್ಟ್ಝ್‌ಗಿಂತ ಕೆಳಗಿನ ಕಂಪನಗಳಲ್ಲಿದ್ದರೆ, ಸಕಾರದಂಥ ಅಕ್ಷರಗಳ ಗುರುತು 4,000ವನ್ನೂ ಮೀರಿದ ಸೂಕ್ಷ್ಮ ಕಂಪನಗಳಲ್ಲಿದೆ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಈ ಮೇಲಿನ ಕೊನೆಯನ್ನೇ. ಆದುದರಿಂದ ಹಾಲು, ಕಾಲು, ಪಾಲು, ಸಾಲು ಇವೆಲ್ಲವೂ ಮುದುಕರ ಕಿವಿಗೆ ಬರಿಯ ‘ಆಲು’ ಆಗಿ ತಲಪುವುದುಂಟು. ರಿಮೋಟನ್ನು ಒತ್ತಿದರೆ ಆ ‘ಆಲು’ ದೊಡ್ಡದಾಗುತ್ತದೆ, ಅಷ್ಟೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ತಾಯಿಯವರಿಗೆ ಪರೀಕ್ಷೆ ಮಾಡಿಸಿದಾಗ ತಿಳಿದುಬಂದುದೂ ಇದೇ. ಶ್ರವಣಯಂತ್ರವೂ ಬಂದಿತು. ಮದುವೆ ಮುಂಜಿಗಳಿಗೆ ಹೋಗುವಾಗ ಅದನ್ನು ಧರಿಸುವರು. ಮನೆಯಲ್ಲಿ “ಕಿವಿಯೊಳಗೆ ಜೀರುಂಡೆ ಕೂತ ಹಾಗೆ” ಎಂದು ಡಬ್ಬಿಯಲ್ಲಿಡುವರು.

ಟಿ.ವಿ.ಯದೂ ತಪ್ಪಿಲ್ಲದಿಲ್ಲ. ಪರದೆಯು ತೆಳುವಾದಷ್ಟೂ ಸ್ಪೀಕರಿಗೆ ಎಡೆ ಕಡಮೆ. ಅದು ಕೆಳಗೋ ಹಿಂದಕ್ಕೋ ಮುಖಮಾಡಿ, ಗೋಡೆಗೋ ಮೇಜಿಗೋ ತಗುಲಿದ ಧ್ವನಿಯನ್ನು ಕೇಳುವವರಿಗೆ ಕಳುಹಿಸುತ್ತದೆ. ಸೂಕ್ಷ್ಮ ಕಂಪನಗಳು ನೇರವಾಗಿ ಸಾಗುವ ಸ್ವಭಾವದವಾದ್ದರಿಂದ ಈ ಸುತ್ತುದಾರಿಯಲ್ಲಿ ಮೊದಲು ಸೊರಗುವುವೂ ವ್ಯಂಜನಗಳೇ. ಇದರ ಮೇಲೆ, ಇಂದಿನ ಚಿತ್ರಗಳಲ್ಲಿ ಮಾತನ್ನು ಬಹುವಾಗಿ ನಡುವಣ ಸ್ಪೀಕರಿಗೆಂದೇ ಬೇರೆ ಮೀಸಲಿಟ್ಟಿರುತ್ತಾರೆ. ಎರಡೇ ಸ್ಪೀಕರುಗಳ ಟಿ.ವಿ.ಯು ಆ ಮಾತನ್ನೂ, ವಾದ್ಯವನ್ನೂ, ಮಳೆಗಾಳಿಯ ಸದ್ದನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿಬಿಡುತ್ತದೆ.

ಅಂಗಡಿಗೆ ಹೋದಾಗ ಗೃಹಸ್ಥರ ಕೈಯಲ್ಲಿದ್ದುದು 15,000 ರೂಪಾಯಿ. ಅಂಗಡಿಯ ತರುಣನು ಅವರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಕಾರುಗಳು ಒಂದನ್ನೊಂದು ಢಿಕ್ಕಿಹೊಡೆಯುವ ದೃಶ್ಯವನ್ನು ಹಾಕಿದನು. ಎದೆ ನಡುಗಿತು. ಮುಂದಿನ ಪೆಟ್ಟಿಗೆಯಲ್ಲಿ ಗುಡುಗು. ಅದರ ಮುಂದಿನದರಲ್ಲಿ ಯುದ್ಧ. ಪೆಟ್ಟಿಗೆಗಳ ಮೇಲೆ 200, 400, 600 ಎಂದು ವಾಟುಗಳ ಲೆಕ್ಕವು ಚಿನ್ನದ ಅಕ್ಷರಗಳಲ್ಲಿತ್ತು. ವಾಟುಗಳನ್ನು ಇಮ್ಮಡಿ ಮಾಡಿದರೆ ಧ್ವನಿಯು ಏರುವುದು ಮೂರೇ ಡೆಸಿಬೆಲ್; ಕಿವಿಗೆ ಎರಡರಷ್ಟು ಎನಿಸಬೇಕಾದರೆ ಸುಮಾರು ಹತ್ತರಷ್ಟು ವಾಟುಗಳು ಬೇಕು. ಹದಿನೈದು ಅಡಿಯ ಹಾಲಿನಲ್ಲಿ ಮಾತು ಕೇಳಲು ಒಂದೆರಡು ವಾಟು ಧಾರಾಳವಾಗಿ ಸಾಕು. ಕೆಲವು ಅಗ್ಗದ ಪೆಟ್ಟಿಗೆಗಳ ಮೇಲೆ ಪಿಎಂಪಿಓ ಎಂದು ಬರೆದಿರುವ ಸಾವಿರಗಳ ಲೆಕ್ಕವಂತೂ ನಂಬತಕ್ಕದ್ದಲ್ಲ. ಆರ್‌ಎಂಎಸ್ ಎಂದಿರುವುದನ್ನು ನೋಡಬೇಕು. ಗೃಹಸ್ಥರು ತಮ್ಮ ಜೇಬಿನಿಂದ ಪೆನ್ ಡ್ರೈವೊಂದನ್ನು ತೆಗೆದು, “ಇದರಲ್ಲಿರುವುದನ್ನು ಸಣ್ಣಗೆ ಹಾಕಪ್ಪಾ” ಎಂದರು. ಅದರಲ್ಲಿದ್ದುದು ಒಬ್ಬ ತಾಯಿಯೂ ಮಗಳೂ ಅಡಿಗೆಮನೆಯಲ್ಲಿ ಮೆಲ್ಲಗೆ ಮಾತನಾಡುವ ಒಂದು ಹಳೆಯ ದೃಶ್ಯ. ತರುಣನಿಗೆ ಆಶ್ಚರ್ಯವಾಯಿತು. ಆದರೆ ಒಂದು ಗಂಟೆಯ ಗರ್ಜನೆಯಿಂದ ತಿಳಿಯದಿದ್ದ ತಾರತಮ್ಯವು ಆ ಎರಡು ನಿಮಿಷಗಳಲ್ಲಿ ತಿಳಿಯಿತು. ಯುದ್ಧದಲ್ಲಿ ಗೆದ್ದಿದ್ದ ಪೆಟ್ಟಿಗೆಯಲ್ಲಿ ತಾಯಿಮಗಳಿಬ್ಬರೂ ಕೊಡದೊಳಗಿನಿಂದ ಮಾತನಾಡಿದಂತಿತ್ತು.

ಐದು ಸ್ಪೀಕರು ಮತ್ತು ಒಂದು ಸಬ್‌ವೂಫರಿನ ‘5.1’ ಏರ್ಪಾಡನ್ನು ಕೊಳ್ಳಬೇಕೆಂಬುದು ಮೊಮ್ಮಗನ ಹಟ. ಚಿತ್ರಮಂದಿರಗಳಲ್ಲಿ ಡಾಲ್ಬಿಯವರ ಡಿಜಿಟಲ್ ಪದ್ಧತಿಯು 1992ರಲ್ಲಿ ಬಂದಂದಿನಿಂದ ಈ ಸಂಖ್ಯೆಗೆ ಒಂದು ಮಹಿಮೆಯುಂಟಾಗಿದೆ. ಆದರೆ ಹಿಂದಿನ ಎರಡು ಸ್ಪೀಕರುಗಳನ್ನಿಡಲು ಆಸನದ ಹಿಂದೆ ಜಾಗವಿರಬೇಕಲ್ಲ! ಆ ಮನೆಯಲ್ಲಿ ಸೋಫಾದ ಬೆನ್ನು ಗೋಡೆಗೇ ತಾಗಿದೆ; ಒಂದು ಪಕ್ಕ ಬಾಲ್ಕನಿಯ ಬಾಗಿಲು; ತಂತಿಯು ತಾಯಿಯವರ ಕಾಲಿಗೆ ತೊಡರುವ ಹಾದಿಯಲ್ಲೇ ಹರಿಯಬೇಕು. ಮೇಲಾಗಿ ಹದಿನೈದು ಸಾವಿರವನ್ನು ಆರು ಪಾಲು ಮಾಡಿದರೆ ಒಂದೊಂದರ ಯೋಗ್ಯತೆಯೂ ಅಷ್ಟರಲ್ಲೇ ಇರುತ್ತದೆ.

ಎರಡೇ ಒಳ್ಳೆಯ ಸ್ಪೀಕರುಗಳನ್ನು ಕೊಳ್ಳುವುದು ನಿಜಕ್ಕೂ ಲೇಸಾದ ಮಾರ್ಗ. ಸಂಗೀತಪ್ರಿಯರಾದ ದಂಪತಿಗಳಿಗೆ ಅದಕ್ಕಿಂತ ಮೇಲಾದುದಿಲ್ಲ. ಇಂಗ್ಲೆಂಡಿನ ಅಲನ್ ಬ್ಲೂಮ್‌ಲೈನ್ ಎಂಬ ಇಂಜಿನಿಯರು 1931ರಲ್ಲಿ ಸ್ಟೀರಿಯೋ ಪದ್ಧತಿಗೆ ಪೇಟೆಂಟು ಬೇಡಿದಾಗ, ಚಿತ್ರದ ನಟನು ಪರದೆಯ ಮೇಲೆ ಸರಿದತ್ತ ಅವನ ಧ್ವನಿಯೂ ಸರಿಯಬೇಕೆಂಬುದು ಅವನ ಉದ್ದೇಶಗಳಲ್ಲೊಂದಾಗಿತ್ತು. ಎರಡು ಸ್ಪೀಕರುಗಳ ನಟ್ಟನಡುವೆ ಕುಳಿತವನಿಗೆ ಮಾತು ಪರದೆಯಿಂದಲೇ ಹೊರಟಂತೆ ತೋರುತ್ತದೆ. ಪಕ್ಕಕ್ಕೆ ಸರಿದು ಕುಳಿತವನಿಗೆ ಈ ಮಾಯೆ ಕೆಡುತ್ತದೆ. ಮಾತೆಲ್ಲ ಹತ್ತಿರದ ಪೆಟ್ಟಿಗೆಗೇ ಸೇರಿಬಿಡುತ್ತದೆ. ತಾಯಿಯವರ ಬೆತ್ತದ ಕುರ್ಚಿಯಾದರೋ ಎಡಗಡೆಯ ಕಿಟಕಿಯ ಬಳಿ. ಅಲ್ಲಿ ಗಾಳಿ ಬರುತ್ತದೆ, ರಸ್ತೆಯ ಹೊಂಗೆಮರ ಕಾಣುತ್ತದೆ. ಅವರನ್ನು ಅಲ್ಲಿಂದ ಎಬ್ಬಿಸಿ ನಡುವೆ ಕೂರಿಸುವ ಮಾತೇ ಇರಲಿಲ್ಲ. ಹೀಗಾಗಿ ಮಾತಿಗೆಂದೇ ನಡುವೆ ಪ್ರತ್ಯೇಕವಾದ ಸ್ಪೀಕರೊಂದಿರುವ ‘3.1’ರ ಸೌಂಡ್‌ಬಾರು ನಿಶ್ಚಯವಾಯಿತು. ಬೆಲೆಯು ಎಣಿಸಿದುದಕ್ಕಿಂತ ಎಂಟುನೂರು ಹೆಚ್ಚಾಯಿತು.

ಇನ್ನುಳಿದುದು ಆ ‘.1’, ಎಂದರೆ ಸಬ್‌ವೂಫರು. ನೆರೆಹೊರೆಯ ಜಗಳಗಳಿಗೆಲ್ಲ ಮೂಲವಾದುದು ಇದೇ. 50 ಹರ್ಟ್ಝ್‌ನ ಒಂದು ಅಲೆಯ ಉದ್ದವು ಸುಮಾರು ಏಳು ಮೀಟರು, ಹಾಲಿಗಿಂತ ಉದ್ದ. ಇಂಥ ಅಲೆಗೆ ಪರದೆಬಟ್ಟೆಯಾಗಲಿ ಬಾಗಿಲಾಗಲಿ ತಡೆಯೇ ಅಲ್ಲ. ಕಾಂಕ್ರೀಟಿನ ಹಲಗೆಯನ್ನೇ ಅಲುಗಿಸಿಕೊಂಡು ಕೆಳಗಿಳಿಯುತ್ತದೆ. ಪಕ್ಕದ ಮನೆಯ ಮಾತು ತಿಳಿಯದೆ ‘ದಿಂ ದಿಂ’ ಎಂಬುದು ಮಾತ್ರ ಕೇಳಿಬರುವುದೇಕೆಂಬುದಕ್ಕೆ ಇದೇ ಕಾರಣ. ಮೂಲೆಯಲ್ಲಿಟ್ಟರೆ ಅದರ ಆರ್ಭಟವು ಇನ್ನೂ ಹೆಚ್ಚುತ್ತದೆ. ಆದುದರಿಂದ ಅದನ್ನು ಮೂಲೆಯಿಂದ ದೂರವಾಗಿ, ದಪ್ಪ ರಬ್ಬರಿನ ಹಾಸಿನ ಮೇಲಿಟ್ಟರು. ಹಾಸು ನೆಲದ ನಡುಕವನ್ನು ಕೊಂಚ ತಗ್ಗಿಸೀತೇ ಹೊರತು ಗಾಳಿಯಲ್ಲಿ ಹೋಗುವುದನ್ನು ತಡೆಯಲಾರದು. ಹೀಗಾಗಿ ಒಂಬತ್ತರ ಮೇಲೆ ಅದರ ಪ್ಲಗ್ಗನ್ನೇ ಕೀಳುವುದೆಂದಾಯಿತು. ಸಬ್‌ವೂಫರನ್ನು ಬೇರೆಯಾಗಿ ತಗ್ಗಿಸುವ ಗುಂಡಿಯು ರಿಮೋಟಿನಲ್ಲಿದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳುವುದು ಮೇಲು.

ಉಳಿದವು ಸಣ್ಣ ಕೆಲಸಗಳು. ಬಾರನ್ನು ಟಿ.ವಿ.ಯ ಮುಂದೆ, ಮೇಜಿನ ಅಂಚಿಗೆ ಸರಿಸಿದರು. ಟಿ.ವಿ.ಯ ಎಆರ್‌ಸಿ ಎಂಬ ಗುರುತಿರುವ ರಂಧ್ರಕ್ಕೆ ಎಚ್‌ಡಿಎಂಐ ಕೇಬಲ್ಲನ್ನು ಸೇರಿಸಿದ್ದರಿಂದ ಒಂದೇ ರಿಮೋಟು ಸಾಕಾಯಿತು. ದೊಡ್ಡ ಸದ್ದನ್ನು ಕುಗ್ಗಿಸಿ ಸಣ್ಣ ಮಾತನ್ನು ಎತ್ತುವ ‘ನೈಟ್ ಮೋಡ್’ ಎಂಬುದನ್ನು ಹಾಕಿ ಹಾಗೆಯೇ ಬಿಟ್ಟರು. ಬರಿಯ ನೆಲಕ್ಕೆ ಜಮಖಾನ ಬಂದುದರಿಂದ ಮಾರ್ದನಿಯೂ ತಗ್ಗಿತು.

ತಾಯಿಯವರು ಈಗ ಒಂಬತ್ತಕ್ಕೆ ಏಳುವುದಿಲ್ಲ. ಎಲ್ಲ ಮಾತೂ ತಿಳಿಯುತ್ತದೆಂದಲ್ಲ. ಹೊಸ ಚಿತ್ರಗಳ ತರುಣರು ಹಲ್ಲು ಕಚ್ಚಿ ಆಡುವ ಮಾತು ಮೊಮ್ಮಗನಿಗೂ ತಿಳಿಯದೆ ಅವನು ಅಡಿಬರಹವನ್ನು ಓದಿಕೊಳ್ಳುತ್ತಾನೆ. ಆದರೆ ಹಳೆಯ ಚಿತ್ರವೊಂದರಲ್ಲಿ, ಊರಿಂದ ಬಂದ ಭಾವನು ಮಾತು ಮುಗಿಸುವ ಮೊದಲೇ, “ಇವನು ಸುಳ್ಳು ಹೇಳ್ತಿದ್ದಾನೆ ನೋಡು, ಪತ್ರ ಬಂದೇ ಇಲ್ಲ” ಎಂದರು. ಆಗ ಸೊಸೆಯು ತಿರುಗಿ ಗಂಡನ ಮುಖ ನೋಡಿದಳು. ಅತೃಪ್ತನಾಗಿ ಉಳಿದವನು ಮೊಮ್ಮಗನೊಬ್ಬನೇ. ಮಳೆಯ ದೃಶ್ಯದಲ್ಲಿ ಗುಡುಗು ಪಾತ್ರೆ ಉರುಳಿದಷ್ಟೇ ಸದ್ದು ಮಾಡಿದಾಗ ಅವನು, “ಇಷ್ಟು ದುಡ್ಡು ಕೊಟ್ಟು ಗುಡುಗೂ ಇಲ್ಲ” ಎಂದು ತನ್ನಷ್ಟಕ್ಕೆ ಗೊಣಗಿದನು. ಕಿಟಕಿಯ ಬಳಿಯಿಂದ ಉತ್ತರ ಬಂದಿತು: “ಗುಡುಗು ಬೇಕಾದರೆ ವೈಶಾಖದಲ್ಲಿ ಊರಿಗೆ ಬಾ ಮರೀ, ಈಗ ಸುಮ್ಮನಿರು, ಅವಳೇನೋ ಹೇಳ್ತಿದ್ದಾಳೆ.”